ಮೈಕ್ ಟೆಸ್ಟಿಂಗ್ ಹೆಸರಿನಲ್ಲಿ ಸ್ವೀಡನ್ನಿನ ಗಲಾಟೆ

ಸ್ಪೀಕರಿನ ಒಳಗಿನ ಕಾಗದ ಹರಿದಿದೆಯೋ ಇಲ್ಲವೋ ಎಂದು ಕಿವಿಯಿಂದ ತೀರ್ಮಾನಿಸಬೇಡಿ. ಕಿವಿಗೆ ಯಾರು ಬೇಕಾದರೂ ಮೋಸ ಮಾಡಬಹುದು. ಅಂಗೈಯನ್ನು ಜಾಲರಿಯ ಹತ್ತಿರ ಹಿಡಿಯಿರಿ. ಕಾಗದ ಸರಿಯಿದ್ದರೆ ಗಾಳಿ ಒಂದೇ ಸಮನೆ ತಳ್ಳುತ್ತದೆ, ಹರಿದಿದ್ದರೆ ಬೆರಳ ಸಂದಿಗೆ ಪಟಪಟ ಬಡಿಯುತ್ತದೆ. ಸೌಂಡು, ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಟ್ಟು ಬದುಕಿದವಳು ನಾನು. ಈ ಬುದ್ಧಿಯನ್ನು ಊರಿಗೆಲ್ಲ ಪುಕ್ಕಟೆ ಹಂಚಿದ್ದೇನೆ. ನನಗೇ ಬೇಕಾದ ದಿನ ಮಾತ್ರ ಅದು ನೆನಪಿಗೆ ಬರಲಿಲ್ಲ.

ಬಿಕರ್ನಕಟ್ಟೆಯ ನನ್ನ ಅಂಗಡಿಯ ಎದುರು ಅಂದು ಟೆಂಪೋ ನಿಂತಿತ್ತು, ಕುದ್ರೋಳಿಯ ಒಂದು ಮದುವೆಗೆ ಸಾಮಾನು ಹೋಗಬೇಕಿತ್ತು. ಗುರುವಾರ ಬೇರೆ. ಬಾಲಯೇಸುವಿನ ಗುಡಿಗೆ ಬಂದವರೆಲ್ಲ ನನ್ನ ಬಾಗಿಲಿಗೇ ಅಡ್ಡ ಕಾರು ನಿಲ್ಲಿಸಿ ಪ್ರಾರ್ಥನೆಗೆ ಹೋಗಿದ್ದರು. ಆ ಹೊತ್ತಿಗೆ ಗೋಡೌನಿನ ಒಳಗಿನಿಂದ ಒಂದು ಸದ್ದು ಬಂತು. ತಗಡಿನ ಮಾಡಿನ ಮೇಲೆ ಲಾರಿಗಟ್ಟಲೆ ಜಲ್ಲಿ ಸುರಿದ ಹಾಗೆ. ಆ ಜಲ್ಲಿಯ ಅಡಿಗೆ ಸಿಕ್ಕಿದ ಒಬ್ಬ ಮನುಷ್ಯ ಅಲ್ಲಿಂದಲೇ ಕಂಟ್ರಾಕ್ಟರನಿಗೆ ಬೈಯುತ್ತಿದ್ದ ಹಾಗೆ. ಹೋಯಿತು, ಹೊಸ ಸ್ಪೀಕರಿನ ಕಾಗದ ಹರಿಯಿತು ಎಂದು ನಾನು ಎದೆ ಹಿಡಿದುಕೊಂಡೆ. ನಮ್ಮ ಸೌಂಡ್ ಆಪರೇಟರ್ ಅದನ್ನು ಇಳಿಸುವಾಗ ಎತ್ತಿ ಹಾಕಿರಬೇಕು ಎಂದು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಮದುವೆಗೆ ಹಳೆಯ ಜೋಡಿ ಕಳಿಸಿ, ಹೊಸತನ್ನು ರಿಪೇರಿಯವನಲ್ಲಿಗೆ ಅಟ್ಟಿದೆ.

ಮಾರನೆಯ ದಿನ ರಿಪೇರಿಯವ ಫೋನ್ ಮಾಡಿದ. "ಅಕ್ಕ, ಸ್ಪೀಕರಿಗೆ ಎಂತದೂ ಆಗ್ಲಿಲ್ಲ. ನಿಮ್ಮಲ್ಲಿ ಹಾಡಿದ್ದು ಯಾರು? ಅವರನ್ನು ಕಳಿಸಿ, ನೋಡುವ."

ಹಾಡಿದ್ದು ಸ್ವೀಡನ್ ದೇಶದವರು. ಹಾಕಿದ್ದು ನನ್ನ ಮಗಳು.

ಮಗಳು ಹಲ್ಲಿನ ಡಾಕ್ಟರು. ಮಂಗಳೂರಿನಲ್ಲಿ ಹಲ್ಲಿಗಿಂತ ಹಲ್ಲಿನ ಡಾಕ್ಟರುಗಳೇ ಜಾಸ್ತಿ. ಆದ್ದರಿಂದ ಅವಳು ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಇಡೀ ದಿನ ಇನ್ನೊಬ್ಬರ ದವಡೆ ಕೊರೆದು ಸಂಜೆ ಮನೆಗೆ ಬರುತ್ತಾಳೆ. ಬಂದು ಕಪ್ಪು ಕೋಟೊಂದನ್ನು ಹಾಕಿಕೊಳ್ಳುತ್ತಾಳೆ. ಕೋಟಿಗೆ ತೋಳಿಲ್ಲ. ಅದರ ತುಂಬ ಬಟ್ಟೆಯ ತೇಪೆ, ತೇಪೆಯ ಮೇಲೆ ಓದಲಾಗದ ಅಕ್ಷರ. ಒಣಗಿದ ಬೇರನ್ನು ಬೆಂಕಿಗೆ ಹಾಕಿ ತೆಗೆದ ಹಾಗೆ ಕಾಣುವ ಆ ಅಕ್ಷರಗಳು ಬ್ಯಾಂಡುಗಳ ಹೆಸರಂತೆ. ಫ್ಲೆಕ್ಸ್ ಪ್ರಿಂಟಿನವ ಹೀಗೆ ಬರೆದುಕೊಟ್ಟಿದ್ದರೆ ನಾನು ಅವನ ಮುಖಕ್ಕೆ ಎಸೆದು ಬರುತ್ತಿದ್ದೆ. ತೇಪೆಗಳನ್ನು ಅವಳು ಹೊಲಿದದ್ದು ಹಲ್ಲಿನ ಸಂದಿ ತಿಕ್ಕುವ ದಾರದಿಂದ. ಸ್ವೀಡನ್ನಿನಲ್ಲೂ ಹಾಗೇ ಮಾಡುತ್ತಾರೆ, ಅದು ಹರಿಯುವುದಿಲ್ಲ ಎಂದಳು. "ಶಾಮಿಯಾನ ಹೊಲಿಯುವ ನೈಲಾನ್ ದಾರ ಉಂಟಲ್ಲ, ನಮ್ಮದೇ. ದುಡ್ಡು ಕೊಟ್ಟು ತರುವುದು ಬೇಡ, ಯಾರನ್ನೂ ಕೇಳುವುದೂ ಬೇಡ" ಎಂದು ಒಂದು ಉಂಡೆ ಕೊಟ್ಟೆ. ಅವಳು ಮುಟ್ಟಿ ನೋಡಿ, "ಅಮ್ಮಾ, ಇದು ತುಂಬ ಚಂದ ಕಾಣ್ತದೆ. ಚಂದ ಆಗ್ಬಾರದು" ಎಂದಳು. ಇಂಥ ಗಿರಾಕಿಯೊಂದಿಗೆ ಚೌಕಾಸಿ ಮಾಡುವುದು ಹೇಗೆ?

"ಈ ಸಂಗೀತಕ್ಕೆ ಎಂತ ಹೇಳುವುದು?" ಎಂದು ಕೇಳಿದ್ದೆ.

"ಕ್ರಸ್ಟ್ ಪಂಕ್."

"ಹಾಗೆಂದ್ರೆ?"

"ಪಾತ್ರೆಯ ತಳಕ್ಕೆ ಸೀದು ಹಿಡಿದದ್ದು ಉಂಟಲ್ಲ, ಹಾಗೆ. ಮೊದಲು ಇಂಗ್ಲೆಂಡಿನವರು ಮಾಡಿದ್ದು. ಸ್ವೀಡನ್ನಿನವರು ಅದಕ್ಕೆ ರಾಗ ಹಾಕಿದರು."

"ಹಾಕಿದರೆ ಅದು ಎಲ್ಲುಂಟು?"

"ಕೇಳಮ್ಮ. ಒಳಗುಂಟು."

ನಾನು ಕೇಳಿಸಿಕೊಂಡೆ. ಒಳಗೆ ಏನೂ ಇರಲಿಲ್ಲ. ಇದ್ದದ್ದು ನನ್ನ ತಲೆನೋವು.

ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಹುಟ್ಟಿದ್ದು ದೊಡ್ಡ ಗುತ್ತಿನ ಮನೆಯಲ್ಲಿ, ಒಂದು ಕಾಲದ ಜಮೀನ್ದಾರರದ್ದು. ನಾನು ಹುಟ್ಟುವಾಗ ಜಮೀನು ಗೇಣಿಯವರ ಪಾಲಾಗಿ, ಮನೆಗೆ ಉಳಿದದ್ದು ಹೆಸರು ಮತ್ತು ಮೂಗು. ಹೆಸರು, ಮೂಗು ಎರಡನ್ನೂ ಬಾಡಿಗೆಗೆ ಕೊಡಲು ಆಗುವುದಿಲ್ಲ. ಮದುವೆಯಾದ ಮೇಲೆ, ಬಂದರಿನ ಹತ್ತಿರ ಮುಚ್ಚಿಹೋದ ಹೋಟೆಲೊಂದರ ಕುರ್ಚಿಗಳನ್ನು ತಂದು ಬಾಡಿಗೆಗೆ ಕೊಡಲು ಶುರುಮಾಡಿದೆ. "ಗುತ್ತಿನ ಹೆಣ್ಣು ಕುರ್ಚಿ ಹೊರುವುದಾ?" ಎಂದು ಸಂಬಂಧಿಕರು ಕೇಳಿದರು. ಈಗ ಅವರ ಮನೆಯ ಎಲ್ಲ ಕಾರ್ಯಕ್ರಮಗಳಿಗೂ ನನ್ನದೇ ಕುರ್ಚಿ. ಸಂಬಂಧಿಕರಿಗೆ ರಿಯಾಯಿತಿ ಇಲ್ಲ. ಇದೂ ನನ್ನ ಒಂದು ಸಲಹೆ: ಸಂಬಂಧಿಕರಿಗೆ ರಿಯಾಯಿತಿ ಕೊಟ್ಟರೆ ಕುರ್ಚಿ ಕಾಲು ಮುರಿದು ವಾಪಸು ಬರುತ್ತದೆ.

ಮಗಳು ಒಂದು ದಿನ ಗೋಡೌನಿನ ಮೂಲೆ ಕೇಳಿದಳು. ಬ್ಯಾಂಡು ಮಾಡುತ್ತಾಳಂತೆ. ಅವಳ ಕೈಯಲ್ಲಿ ಗಿಟಾರು, ಬಾಯಲ್ಲಿ ಕಿರುಚಾಟ. ಬೇಸ್ ಗಿಟಾರಿಗೆ ಅವಳ ಕಾಲೇಜಿನ ಗೆಳೆಯನೊಬ್ಬ; ಅವನು ಮಾತೇ ಆಡುವುದಿಲ್ಲ, ಆದ್ದರಿಂದ ಇಲ್ಲಿ ಅವನ ಸುದ್ದಿ ಮತ್ತೆ ಬರುವುದಿಲ್ಲ. ಡ್ರಮ್ಮಿಗೆ ಕುದ್ರೋಳಿಯ ಬ್ಯಾರಿ ಹುಡುಗ. ಅವನ ತಂದೆಗೆ ಅಲ್ಲಿ ಚಪ್ಪಲಿ, ಕೊಡೆಗಳ ಸಣ್ಣ ಅಂಗಡಿ. ಇವನು ಮೆಕ್ಯಾನಿಕಲ್ ಓದಿ, ಕೆಲಸಕ್ಕೆ ಕಾಯುತ್ತ, ಮನೆಯಲ್ಲಿ ತಲೆದಿಂಬುಗಳ ಮೇಲೆ ಕೋಲು ಬಡಿದು ಕಲಿತವನು. ಡ್ರಮ್ ಸೆಟ್ಟು ನನ್ನಲ್ಲೇ ಇತ್ತು. ಮದುವೆ ಆರ್ಕೆಸ್ಟ್ರಾ ಒಂದು ಅಣ್ಣತಮ್ಮಂದಿರ ಜಗಳದಲ್ಲಿ ಒಡೆದಾಗ ಎರಡು ಹಳೆಯ ಪೆಡೆಸ್ಟಲ್ ಫ್ಯಾನು ಕೊಟ್ಟು ಬದಲಿಗೆ ತಂದದ್ದು. ಫ್ಯಾನುಗಳು ತಿರುಗುತ್ತಿರಲಿಲ್ಲ. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಸಂಜೆಯಾದರೆ ಸಾಕು, ಮೂವರೂ ಕುರ್ಚಿಗಳ ರಾಶಿಯ ನಡುವೆ ಸೇರುತ್ತಿದ್ದರು. ಹುಡುಗ ನನಗೆ ಅದರ ತಾಳ ತೋರಿಸಿಕೊಟ್ಟ. ಡುಂ ಟಕ್, ಡುಡುಂ ಟಕ್, ಡುಂ ಟಕ್, ಡುಡುಂ ಟಕ್. ಈ ಜಾತಿಯ ಎಲ್ಲ ಹಾಡಿಗೂ ಅದೊಂದೇ.

"ಇದು ನಮ್ಮ ಸಿಟಿ ಬಸ್ಸಿನದ್ದಲ್ವಾ, ಮಾರಾಯ" ಎಂದೆ. "ಟೈಮಿಂಗ್ ತಪ್ಪಿದ ಬಸ್ಸು. ಹಿಂದಿನ ಬಸ್ಸು ಓವರ್‌ಟೇಕ್ ಮಾಡ್ತದೆ ಅಂತ ಡ್ರೈವರ್ ಬಿಡ್ತಾ ಇದ್ದಾನೆ, ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ತಗಡಿಗೆ ಬಡೀತಾ ಇದ್ದಾನೆ."

ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಕೋಲು ಕೆಳಗೆ ಹಾಕಿ, "ಆಂಟಿ, ಇಷ್ಟು ಚಂದ ಯಾರೂ ಹೇಳ್ಲಿಲ್ಲ. ಅದೇ! ಬಸ್ಸು ನಿಲ್ಲುವುದೇ ಇಲ್ಲ, ಕಿಟಕಿಯಿಂದ ಮಾತ್ರ ಎಂತದೋ ಒಂದು ಕಂಡು ಹೋಗ್ತದೆ" ಎಂದ.

ಆ ಕಿಟಕಿಯದ್ದು ನನಗೆ ಕೂಡಲೇ ತಿಳಿಯಲಿಲ್ಲ. ತಿಳಿದದ್ದು ಶಾಮಿಯಾನದ ಬಟ್ಟೆ ಮಡಿಚುವಾಗ. ಒಂದು ಬೆಳಿಗ್ಗೆ ಆಪರೇಟರ್ ಒಂದು ತುದಿ, ನಾನು ಒಂದು ತುದಿ ಹಿಡಿದು ಬಟ್ಟೆ ಕೊಡವುತ್ತಿದ್ದೆವು. ಅವನು ತಟ್ಟನೆ ನಿಂತು, "ಅಕ್ಕ, ಅದು ಎಂತ ಹಾಡು? ದುಃಖದ್ದು" ಎಂದ. ನಾನು ಗುನುಗುತ್ತಿದ್ದುದು ನನಗೇ ಗೊತ್ತಿರಲಿಲ್ಲ. ಯೋಚಿಸಿದೆ. ಹಳೆಯ ಸಿನಿಮಾದ್ದಲ್ಲ, ಭಜನೆಯದ್ದಲ್ಲ. ಮಗಳು ಹಾಕುತ್ತಿದ್ದ ಅದೇ ಸ್ವೀಡನ್ನಿನವರ ಗಲಾಟೆಯ ನಡುವಿನಿಂದ ಒಂದು ಗಿಟಾರು ನನ್ನ ಬಾಯಿಗೆ ಬಂದು ಕೂತಿತ್ತು. ಗಲಾಟೆ ಎಲ್ಲ ಗೋಡೌನಿನಲ್ಲೇ ಉಳಿದಿತ್ತು. ರಾಗ ಮಾತ್ರ ನನ್ನ ಜೊತೆ ಮನೆಗೆ ಬಂದಿತ್ತು, ಬಾಡಿಗೆ ಕೊಡದೆ.

ಆಮೇಲೆ ನಾನು ಅದನ್ನು ಗಿರಾಕಿಯ ಹಾಗೆ ಕೂತು ಕೇಳಿದೆ. ಈ ಮಾತು ನಂಬಿ: ಮರುವಾಯಿ ಸುಕ್ಕ ತಿನ್ನಲು ಗೊತ್ತಿದ್ದವರಿಗೆ ಈ ಸಂಗೀತ ಕಷ್ಟವಲ್ಲ. ಹೊಳೆಯ ಚಿಪ್ಪುಮೀನು ಅದು: ಬಟ್ಟಲು ತುಂಬ ಚಿಪ್ಪು, ನಾಲಗೆಗೆ ಸಿಗುವ ಮಾಂಸ ಉಗುರಿನಷ್ಟು. ಹಾಗೆಂದು ಚಿಪ್ಪು ತೆಗೆದು ಬರೀ ಮಾಂಸ ಬಡಿಸಿದರೆ ಯಾರು ತಿನ್ನುತ್ತಾರೆ? ಕೆಳಗೆ ಬಸ್ಸು ಓಡುತ್ತಿರುತ್ತದೆ, ಬೇಸ್ ಗಿಟಾರು ಮರಳು ಅಗಿಯುತ್ತಿರುತ್ತದೆ, ಮೇಲೆ ಒಬ್ಬ ಲೋಕವೇ ಮುಗಿಯಿತೆಂದು ಕೂಗುತ್ತಿರುತ್ತಾನೆ. ಇವೆಲ್ಲದರ ನಡುವೆ ಇನ್ನೊಂದು ಗಿಟಾರು ಉದ್ದಕ್ಕೆ, ಒಂದೇ ತಂತಿಯನ್ನು ನಡುಗಿಸುತ್ತ, ಯಾರನ್ನೋ ಕಳಿಸಿಕೊಟ್ಟು ಗೇಟಿನಲ್ಲಿ ನಿಂತವರ ಹಾಗೆ ಒಂದು ರಾಗ ಎಳೆಯುತ್ತದೆ. ಅದನ್ನು ಒಂಟಿಯಾಗಿ ನುಡಿಸಿದರೆ ನಾಚಿಕೆಯಾದೀತು. ಅಕ್ಕಿ ಡಬ್ಬಿಯಲ್ಲಿ ಚಿನ್ನ ಅಡಗಿಸಿಟ್ಟ ಹಾಗೆ ಅವರು ರಾಗವನ್ನು ಗದ್ದಲದೊಳಗೆ ಅಡಗಿಸಿದ್ದಾರೆ. ಕಳ್ಳರಿಗೆ ಸಿಗಬಾರದು, ಮನೆಯವರಿಗೆ ಸಿಗಬೇಕು.

ಆದರೂ ಒಂದು ಸಂಶಯ ಉಳಿದಿತ್ತು. "ಅವರಿಗೆ ಎಂತ ಕಷ್ಟ, ಮಗಾ?" ಎಂದು ಕೇಳಿದೆ. "ಅಲ್ಲಿ ಶಾಲೆ ಫ್ರೀ, ಆಸ್ಪತ್ರೆಯೂ ಹೆಚ್ಚುಕಮ್ಮಿ ಫ್ರೀ. ರಸ್ತೆ ಒಂದು ಸಲ ಮಾಡಿದರೆ ಅಗೆಯುವುದಿಲ್ಲ. ಕಿರುಚುವುದು ಎಂತಕ್ಕೆ?"

"ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗ್ತದಮ್ಮ. ಮತ್ತೆ, ಯುದ್ಧ, ಪೊಲೀಸು, ಫ್ಯಾಕ್ಟರಿ, ಎಲ್ಲದರ ಮೇಲೂ ಸಿಟ್ಟು. ಒಂದು ಗೊತ್ತುಂಟಾ? ಅಲ್ಲಿ ಬ್ಯಾಂಡಿನವರಿಗೆ ಪ್ರಾಕ್ಟೀಸ್ ಮಾಡ್ಲಿಕ್ಕೆ ರೂಮಿಗೆ ಸರಕಾರದ ದುಡ್ಡೇ ಹೋಗ್ತದೆ."

"ಸರಕಾರಕ್ಕೆ ಬೈಲಿಕ್ಕೆ ಸರಕಾರವೇ ರೂಮು ಕೊಡುವುದಾ?"

"ಹೂಂ."

ಆ ಕ್ಷಣದಿಂದ ಸ್ವೀಡನ್ನಿನವರ ಮೇಲೆ ನನಗೆ ಗೌರವ ಹುಟ್ಟಿತು. ಚೌಕಾಸಿ ಎಂದರೆ ಅದು.

ನಮ್ಮವರ ಹಾಡಿನಲ್ಲಿ ಯುದ್ಧ ಇರಲಿಲ್ಲ. ಒಂದು ಹಾಡು ಪಂಪ್‌ವೆಲ್ಲಿನ ಟ್ರಾಫಿಕ್ಕಿನ ಮೇಲೆ, ಒಂದು ಮೀನಿನ ಹುಡಿ ಮಾಡುವ ಫ್ಯಾಕ್ಟರಿಯ ವಾಸನೆಯ ಮೇಲೆ, ಒಂದು ಅಗೆದ ರಸ್ತೆಯ ಮೇಲೆ. ರಸ್ತೆಯ ಹಾಡಿಗೆ ಇದ್ದದ್ದು ಒಂದೇ ಸಾಲು: ಮುಚ್ಚಿದ್ದನ್ನು ಅಗೆದರು, ಅಗೆದದ್ದನ್ನು ಮುಚ್ಚಿದರು. ಮಗಳು ಅದನ್ನು ಕಿರುಚಿದಾಗ ಒಂದಕ್ಷರ ತಿಳಿಯುತ್ತಿರಲಿಲ್ಲ. "ಕಾರ್ಪೊರೇಷನ್ನಿಗೆ ಬೈಯುವುದಾದ್ರೆ ಉಚ್ಚಾರ ಸ್ಪಷ್ಟ ಇರ್ಬೇಕು" ಎಂದು ಬುದ್ಧಿ ಹೇಳಿದೆ. "ಸ್ಪಷ್ಟ ಹೇಳಿದವರದ್ದು ಅವರು ಯಾವಾಗ ಕೇಳಿದ್ದಾರಮ್ಮ?" ಎಂದಳು.

ಒಂದು ಸಂಜೆ ಡ್ರಮ್ಮಿನ ಹುಡುಗ ಬಾಳೆಹಣ್ಣಿನ ಹಲ್ವದ ಪೊಟ್ಟಣ ಹಿಡಿದು ಅಂಗಡಿಗೆ ಬಂದ. ವೀಸಾ ಬಂದಿತ್ತು. ಗಲ್ಫಿನಲ್ಲಿ ದೊಡ್ಡ ಎ.ಸಿ. ಪ್ಲಾಂಟಿನ ಕೆಲಸ, ಮಾವನ ಕಡೆಯಿಂದ. ತಿಂಗಳು ಮುಗಿಯುವುದರೊಳಗೆ ಹೊರಡಬೇಕು. ನಾನು ಹಲ್ವ ತಿಂದು ಒಳ್ಳೆಯದಾಗಲಿ ಎಂದೆ. ಮಗಳು ಹಲ್ವ ಮುಟ್ಟಲಿಲ್ಲ, ಒಳಗೆ ಹೋಗಿ ಗಿಟಾರಿನ ತಂತಿ ಬಿಗಿದಳು, ತಂತಿ ಕಡಿಯಿತು.

"ಆಂಟಿ" ಎಂದ ಅವನು ಮೆಲ್ಲಗೆ. "ಒಂದೇ ಒಂದು ಸಲ ಜನರ ಎದುರು ಬಾರಿಸಿ ಹೋಗ್ಬೇಕಿತ್ತು. ಕುರ್ಚಿಗಳ ಎದುರು ಬಾರಿಸಿ ಬಾರಿಸಿ ಸಾಕಾಯ್ತು."

"ನನ್ನ ಕುರ್ಚಿಗಳು ಒಂದು ದಿನವೂ ಎದ್ದು ಹೋಗ್ಲಿಲ್ಲ, ಮಾರಾಯ."

"ಕೂತದ್ದೂ ಇಲ್ಲ, ಆಂಟಿ."

ಅವನು ನಕ್ಕ, ಆದರೆ ಕೈಬೆರಳುಗಳು ನನ್ನ ಗಲ್ಲಾದ ಮೇಜಿನ ಮೇಲೆ ಡುಂ ಟಕ್ ಬಡಿಯುತ್ತಲೇ ಇದ್ದವು. ಅಲ್ಲಿ ಹೋದರೆ ತಲೆದಿಂಬೂ ಇರುವುದಿಲ್ಲ, ಒಂದು ಕೋಣೆಗೆ ಆರು ಜನ ಎಂದ. ಸರಿ, ಒಂದು ಜಾಗ ನಾನು ಹುಡುಕುತ್ತೇನೆ ಎಂದುಬಿಟ್ಟೆ. ಮಂಗಳೂರಿನ ಮದುವೆ ಹಾಲ್‌ನವರೆಲ್ಲ ನನಗೆ ಗೊತ್ತು. ಇದೆಷ್ಟರ ಕೆಲಸ?

ಎಷ್ಟರ ಕೆಲಸ ಎಂದು ಆಮೇಲೆ ತಿಳಿಯಿತು. ಪಬ್ಬಿನವನು ಹಿಂದಿ ಹಾಡಿದರೆ ಬನ್ನಿ ಎಂದ. ಕಾಫಿ ಅಂಗಡಿಯವಳು, ಮೇಲಿನ ಫ್ಲ್ಯಾಟಿನಲ್ಲಿ ರಿಟೈರ್ಡ್ ಜಡ್ಜ್ ಇದ್ದಾರೆ ಎಂದಳು. ಕಲಾಸಂಘವೊಂದರ ಕಾರ್ಯದರ್ಶಿ, ಕಾರ್ಯಕ್ರಮಕ್ಕೆ ಮೊದಲು ದೀಪ ಹಚ್ಚಿ ಭಾಷಣ ಮಾಡಲು ತನಗೆ ಅವಕಾಶ ಉಂಟೋ ಎಂದು ಕೇಳಿದ. ಉಂಟು ಎಂದರೂ ಹಾಡು ಕೇಳಿದ ಮೇಲೆ ದೀಪ ಬೇಡ ಎಂದ. ಕೊನೆಗೆ ಹೊಳೆ ದಾಟಿ ತೊಕ್ಕೊಟ್ಟಿಗೆ ಹೋದೆ. ಅಲ್ಲಿನ ಮದುವೆ ಹಾಲೊಂದಕ್ಕೆ ನನ್ನ ಸಾಮಾನು ವರ್ಷವಿಡೀ ಹೋಗುತ್ತದೆ. ಅದರ ಮ್ಯಾನೇಜರು ನನ್ನಷ್ಟೇ ಚೌಕಾಸಿಯವ. ನಾವಿಬ್ಬರೂ ಒಂದು ಟೇಬಲ್‌ಕ್ಲಾತಿನ ಕಲೆಯ ಬಗ್ಗೆ ಅರ್ಧ ದಿನ ಮಾತಾಡಿದ್ದುಂಟು.

"ಹಾಡು ಎಂತದು ಅಕ್ಕ? ಸ್ವಲ್ಪ ಹಾಕಿ, ನೋಡುವ" ಎಂದ.

ಮೊಬೈಲಿನಲ್ಲಿ ಹಾಕಿದೆ. ಅವನು ಮೊಬೈಲನ್ನು ತೆಗೆದುಕೊಂಡು ಅಲ್ಲಾಡಿಸಿದ, ಕಿವಿಗೆ ಹಿಡಿದ, ವಾಪಸು ಕೊಟ್ಟ.

"ಮೊಬೈಲ್ ನೀರಿಗೆ ಬಿದ್ದಿದ್ದಾ?"

"ಹಾಡೇ ಹಾಗೆ."

"ಬೇಡ ಅಕ್ಕ. ಓನರಿಗೆ ಬಿ.ಪಿ. ಉಂಟು. ನೀವು ಎಷ್ಟು ಕೊಟ್ರೂ ಬೇಡ."

ಎಷ್ಟು ಕೊಟ್ಟರೂ ಬೇಡ ಎನ್ನುವವನ ಹತ್ತಿರ ಮಾತು ಮುಂದುವರಿಸಬಾರದು. ಎದ್ದು ಬನ್ನಿ. ಬಾಗಿಲಿನವರೆಗೆ ನಿಧಾನ ನಡೆಯಿರಿ, ಕರೆದರೆ ಕರೆದ. ಅವನು ಕರೆಯಲಿಲ್ಲ. ಆದರೆ ನಾನು ನಿಧಾನ ನಡೆದದ್ದರಿಂದ ಇನ್ನೊಂದು ಕಂಡಿತು. ಹಾಲಿನ ವೇದಿಕೆಯಲ್ಲಿ ಬೇರೊಬ್ಬರ ಸೌಂಡಿನವ ಮೈಕಿನೆದುರು ನಿಂತು, "ಹಲೋ, ಹಲೋ, ಚೆಕ್, ಚೆಕ್, ಹೂಶ್, ಹೂಶ್" ಎಂದು ಬೊಬ್ಬೆ ಹೊಡೆಯುತ್ತಿದ್ದ. ಆಮೇಲೆ ಒಂದು ಡಿ.ಜೆ. ಹಾಡನ್ನು ಕಿಟಕಿಯ ಗಾಜು ಅದುರುವಷ್ಟು ಜೋರು ಹಾಕಿದ. ಮ್ಯಾನೇಜರು ಆ ಸದ್ದಿನಲ್ಲೇ ಕೂತು ಗಂಜಿ ಊಟ ಮಾಡುತ್ತಿದ್ದ, ತಲೆ ಎತ್ತಲಿಲ್ಲ.

ಈ ಊರಿನಲ್ಲಿ ಸಂಗೀತಕ್ಕೆ ಪರ್ಮಿಶನ್ ಬೇಕು, ಟೆಸ್ಟಿಂಗಿಗೆ ಬೇಡ. ಸ್ಪೀಕರು ಇಳಿದ ಮೇಲೆ ಅಲಂಕಾರದವರು ಹೂ ಕಟ್ಟಿ ಮುಗಿಸುವವರೆಗೆ ಎಂಥ ಸದ್ದು ಮಾಡಿದರೂ ಯಾರೂ ಎಂತ ಅಂತ ಕೇಳುವುದಿಲ್ಲ. ಇಷ್ಟು ವರ್ಷ ನಾನೇ ಮಾಡಿಸಿದ್ದೇನೆ, ನನಗೇ ಹೊಳೆದಿರಲಿಲ್ಲ.

ಮುಂದಿನ ವಾರ ಅದೇ ಹಾಲಿನಲ್ಲಿ ಒಂದು ಮೆಹಂದಿ ಕಾರ್ಯಕ್ರಮಕ್ಕೆ ನನ್ನ ಸಾಮಾನು ಹೋಗುವುದಿತ್ತು. ಮದುಮಗಳ ಕಡೆಯವರು ಬರುವುದು ಸಂಜೆಗೆ. ಊಟದ ಹೊತ್ತಿಗೇ ಟೆಂಪೋ ಸೇತುವೆ ದಾಟಿಸಿದೆ. ಡ್ರಮ್ ಸೆಟ್ಟನ್ನು ಕುರ್ಚಿಗಳ ಅಡಿಯಲ್ಲಿ ಹಾಕಿದ್ದೆ. ಮಗಳ ಗೆಳೆಯ ಗೆಳತಿಯರು ಇಪ್ಪತ್ತು ಮೂವತ್ತು ಮಂದಿ ಬಂದಿದ್ದರು. ಟಿಕೆಟು ಬೇಡ, ಆದರೆ ಕೂಲಿಯವರ ಹಾಗೆ ಬರಬೇಕು, ಕೆಲಸ ಮಾಡಬೇಕು ಎಂದು ನನ್ನ ಕರಾರು. ಮೈತುಂಬ ಕಪ್ಪು ಬಟ್ಟೆ, ಮೂಗಿಗೆ ರಿಂಗು, ಎದೆಯ ಮೇಲೆ ತಲೆಬುರುಡೆಯ ಚಿತ್ರ. ಅವರೆಲ್ಲ ಸಾಲಾಗಿ ಕೂತು ನನ್ನ ಕುರ್ಚಿಗಳಿಗೆ ಬಿಳಿ ಗವಸು ತೊಡಿಸಿ, ಹಿಂದೆ ಗುಲಾಬಿ ರಿಬ್ಬನಿನ ಹೂ ಕಟ್ಟಿದರು. ನನ್ನ ಖಾಯಂ ಹುಡುಗರಿಗಿಂತ ಚೊಕ್ಕವಾಗಿ ಕಟ್ಟಿದರು. ಕಾರ್ಮಿಕರ ಶೋಷಣೆಯ ಮೇಲೆ ಇವರೆಲ್ಲ ಹಾಡುವ ಒಂದು ಹಾಡುಂಟು ಎಂದು ಮಗಳು ನನ್ನ ಕಿವಿಯಲ್ಲಿ ಹೇಳಿದಳು. ಹಾಡಲಿ, ಮೊದಲು ರಿಬ್ಬನ್ ಮುಗಿಯಲಿ ಎಂದೆ.

ಹುಡುಗನ ಉಮ್ಮಾ ಕೂಡ ಬಂದಿದ್ದರು. ನಾನೇ ಕರೆದದ್ದು. ಮಗ ಬಾರಿಸುವುದನ್ನು ನೋಡಲು ಎಂದರೆ ಮನೆಯಲ್ಲಿ ಬಿಡಲಿಕ್ಕಿಲ್ಲ, ಹೊರಡಲು ಬೇರೊಂದು ಕಾರಣ ಬೇಕಲ್ಲ. ನಿಮ್ಮ ಸಂಬಂಧಿಕರ ನಿಕಾಹ್‌ಗೆ ಕುರ್ಚಿ ನೋಡಲು ಬನ್ನಿ ಎಂದಿದ್ದೆ. ಅವರು ನಿಜವಾಗಿ ಕುರ್ಚಿ ನೋಡಿದರು. ಅಲ್ಲಾಡಿಸಿದರು, ಕೂತರು, ಎದ್ದರು. "ಕಾಲು ಸ್ವಲ್ಪ ಡೊಂಕು ಉಂಟಲ್ಲ ಅಕ್ಕ" ಎಂದರು. ನನಗೆ ಆ ಹೆಂಗಸಿನ ಮೇಲೆ ಅಲ್ಲಿಯೇ ಪ್ರೀತಿ ಬಂತು.

ಮೊದಲ ಹಾಡು ಮಗಳ ಗಿಟಾರಿನ ಉದ್ದನೆಯ ಕುಂಯ್ ಸದ್ದಿನಿಂದ ಶುರುವಾಗಬೇಕು. ಆ ಸದ್ದು ಬರಲು ಅವಳು ಸ್ಪೀಕರಿಗೆ ಗಿಟಾರು ತೋರಿಸಿ ನಿಂತಳು. ಕುಂಯ್ ಎಂದಿತು. ಕೂಡಲೇ ನಿಂತಿತು. ಮತ್ತೆ ತೋರಿಸಿದಳು. ಕುಂಯ್, ಮತ್ತೆ ಬಂದ್. ಅವಳು ಹಲ್ಲು ಕಚ್ಚಿಕೊಂಡು ನಮ್ಮ ಆಪರೇಟರನ್ನು ನೋಡಿದಳು. ಅವನ ಬೆರಳು ಮಿಕ್ಸರಿನ ಗುಂಡಿಯ ಮೇಲಿತ್ತು. ಯಕ್ಷಗಾನ ಮೇಳಗಳ ಮೈಕು ನೋಡಿಕೊಂಡು ಬಂದವ ಅವ; ಭಾಗವತರು ಹಾಡುವಾಗ ಮೈಕು ಕೂಗಿದರೆ ಇಡೀ ಊರು ಸೌಂಡಿನವನನ್ನು ತಿರುಗಿ ನೋಡುತ್ತದೆ. ಕುಂಯ್ ಎಂದರೆ ಅವನ ಬೆರಳು ತಲೆಯನ್ನು ಕೇಳದೆ ಓಡುತ್ತದೆ.

"ಬಿಡು, ಕೂಗಲಿ" ಎಂದೆ.

"ಅಕ್ಕ, ಅದು ಫೀಡ್‌ಬ್ಯಾಕು!"

"ಅವಳಿಗೆ ಅದೇ ಬೇಕಂತೆ."

"ನಮ್ಮ ಹೆಸರು ಎಂತ ಆಗ್ಬೇಕು? ಯಾರಾದ್ರೂ ಕೇಳಿದ್ರೆ?"

"ಕೈ ಹಿಂದೆ ಕಟ್ಟು."

ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣು ಗಟ್ಟಿ ಮುಚ್ಚಿ ನಿಂತ, ಬಲಿ ಕೊಡುವುದನ್ನು ನೋಡಲಾಗದವನ ಹಾಗೆ. ಸ್ಪೀಕರು ಕೂಗಿತು. ಕೂಗಿ ಕೂಗಿ ಇಡೀ ಹಾಲ್ ತುಂಬಿತು. ಅದರ ಒಳಗಿನಿಂದ ಡುಂ ಟಕ್ ಎದ್ದು ಬಂತು.

ಗೋಡೌನಿನಲ್ಲಿ ಕೇಳಿದ್ದು ಇದಲ್ಲ. ನನ್ನ ದೊಡ್ಡ ಸ್ಪೀಕರುಗಳ ಎದುರು ಸೀರೆಯ ಸೆರಗು ತಾನಾಗಿ ಹಾರುತ್ತಿತ್ತು. ಅಂಗೈ ಹಿಡಿದು ನೋಡಿದೆ: ಗಾಳಿ ಒಂದೇ ಸಮ, ಕಾಗದ ಸರಿಯಿದೆ. ವೇದಿಕೆಯ ಹಿಂದೆ ಚೆಂಡುಹೂವಿನ ಎರಡು ಹೃದಯ, ಅವುಗಳ ನಡುವೆ ಮದುಮಗಳ ಹೆಸರು. ಅದರ ಮುಂದೆ ನನ್ನ ಮಗಳು ಕತ್ತಿನ ನರ ಉಬ್ಬಿಸಿ ಅಗೆದ ರಸ್ತೆಗೆ ಬೈಯುತ್ತಿದ್ದಳು. ಕಪ್ಪು ಬಟ್ಟೆಯವರು ಗುಲಾಬಿ ರಿಬ್ಬನುಗಳ ನಡುವೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿದರು. ಏಣಿಯ ಮೇಲಿದ್ದ ಹೂವಿನವ ದಾರವನ್ನು ಬಾಯಲ್ಲಿ ಕಚ್ಚಿಕೊಂಡು ತಾಳಕ್ಕೆ ತಲೆದೂಗುತ್ತಿದ್ದ. ಹಿಂದಿನ ಬಾಗಿಲಿನಲ್ಲಿ ನೀರುಳ್ಳಿ ಹೆಚ್ಚುತ್ತಿದ್ದ ಅಡಿಗೆಯವರು ಕತ್ತಿ ಸಮೇತ ಬಂದು ನಿಂತರು. ಹುಡುಗ ಯಾರನ್ನೂ ನೋಡುತ್ತಿರಲಿಲ್ಲ. ಟೈಮಿಂಗ್ ತಪ್ಪಿದ ಬಸ್ಸನ್ನು ಅವನು ಒಬ್ಬನೇ ಓಡಿಸುತ್ತಿದ್ದ, ಜನ ತುಂಬಿದ ಬಸ್ಸು.

ಇನ್ನು ಒಂದೇ ಹಾಡು ಉಳಿದಿತ್ತು, ಅವನದ್ದೇ ರಾಗ. ಅವನು ಗುನುಗಿದ್ದನ್ನು ಮಗಳು ಗಿಟಾರಿಗೆ ಇಳಿಸಿದ್ದಳು, ಅದಕ್ಕೆ ಮಾತಿರಲಿಲ್ಲ. ಅದು ಶುರುವಾಗಬೇಕು ಎನ್ನುವಾಗ ಮ್ಯಾನೇಜರು ಆಫೀಸಿನಿಂದ ಬಂದ.

"ಟೆಸ್ಟಿಂಗ್ ಇನ್ನೂ ಮುಗೀಲಿಲ್ವಾ ಅಕ್ಕ?"

"ಬೇಸ್ ನೋಡಿ ಆಯ್ತು. ಈಗ ಟ್ರೆಬಲ್ ನೋಡ್ಬೇಕು."

ಅವನು ವೇದಿಕೆ ನೋಡಿದ, ಕುಣಿದು ಬೆವರಿದವರನ್ನು ನೋಡಿದ, ನನ್ನನ್ನು ನೋಡಿದ. "ಇದು ಅವತ್ತು ನೀರಿಗೆ ಬಿದ್ದ ಹಾಡಲ್ವಾ?"

ಸುಳ್ಳು ಹೇಳಿ ಉಪಯೋಗವಿಲ್ಲದಿದ್ದಾಗ ಹೇಳಬಾರದು. "ಹೌದು" ಎಂದೆ. "ಇನ್ನೊಂದೇ ಉಂಟು."

ಅವನು ಮೈನ್ ಸ್ವಿಚ್ಚಿನ ಕಡೆ ಕಣ್ಣು ಹಾಯಿಸಿದ. ನಾವಿಬ್ಬರೂ ಒಬ್ಬರನ್ನೊಬ್ಬರು ಬಲ್ಲವರು. ಅದು ಬೆದರಿಕೆಯಲ್ಲ, ಚೌಕಾಸಿಯ ಮೊದಲ ಮಾತು ಎಂದು ನನಗೆ ಗೊತ್ತಾಯಿತು. ಆಮೇಲೆ ಅವನ ಕಣ್ಣು ಗೋಡೆಯ ಬದಿಯ ನನ್ನ ಎರಡು ದೊಡ್ಡ ಪೆಡೆಸ್ಟಲ್ ಫ್ಯಾನುಗಳ ಮೇಲೆ ನಿಂತಿತು. ಹೊಸ ಫ್ಯಾನು, ಆನೆಕಿವಿಯಷ್ಟು ರೆಕ್ಕೆ. ತಂದಂದಿನಿಂದ ಅವನು ಅವುಗಳ ಸುತ್ತ ತಿರುಗುತ್ತಿದ್ದ.

"ಆ ಎರಡು ಫ್ಯಾನು ಹಾಲಿಗೆ ಬಿಟ್ಟು ಹೋಗಿ" ಎಂದ. "ಖಾಯಂ ಆಗಿ. ವಾಪಸ್ ಇಲ್ಲ."

ಬೇರೆ ದಿನವಾಗಿದ್ದರೆ ಒಂದು ಫ್ಯಾನಿನಿಂದ ಶುರುಮಾಡಿ, ಹಳೆಯ ಫ್ಯಾನಿಗೆ ಇಳಿಸಿ, ಕೊನೆಗೆ ನಾಲ್ಕು ಟೇಬಲ್‌ಕ್ಲಾತಿನಲ್ಲಿ ಮುಗಿಸುತ್ತಿದ್ದೆ. ಅರ್ಧ ಗಂಟೆ ಬೇಕಾಗುತ್ತಿತ್ತು, ಅಷ್ಟು ಹೊತ್ತಿಗೆ ಮದುಮಗಳ ಕಡೆಯವರು ಬಂದುಬಿಡುತ್ತಿದ್ದರು. ಹುಡುಗ ಕೋಲು ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದ.

"ತಗೊಳ್ಳಿ" ಎಂದೆ.

"ಎಂತ?"

"ಎರಡೂ ತಗೊಳ್ಳಿ."

ಮ್ಯಾನೇಜರ ಮುಖದ ಬಣ್ಣ ಬದಲಾಯಿತು. ಇಷ್ಟು ವರ್ಷಗಳಲ್ಲಿ ನಾನು ಅವನ ಮೊದಲ ಮಾತಿಗೆ ಒಪ್ಪಿದ್ದಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೆಲ್ಲಗೆ ಫ್ಯಾನಿನ ಹತ್ತಿರ ಹೋದ. ಪ್ಲಗ್ಗು ಹಾಕಿದ, ತೆಗೆದ. ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ, ಬಗ್ಗಿ ಅಡಿಭಾಗ ನೋಡಿದ. ಕಿವಿಯನ್ನು ಮೋಟಾರಿಗೆ ಇಟ್ಟ, ಆದರೆ ಆ ಗದ್ದಲದಲ್ಲಿ ಮೋಟಾರಿನದ್ದು ಎಂತ ಕೇಳಬೇಕು? ಕೊನೆಯ ಹಾಡು ಇಡೀ ಅವನು ಫ್ಯಾನಿನ ಸುತ್ತಲೇ ಇದ್ದ. ಸ್ವಿಚ್ಚಿನ ಕಡೆ ತಿರುಗಲೇ ಇಲ್ಲ.

ಆ ಹಾಡು ಮೆಲ್ಲಗೆ ಶುರುವಾಯಿತು, ಒಂದೇ ಗಿಟಾರು. ಆಮೇಲೆ ಹುಡುಗ ಬಸ್ಸು ಬಿಟ್ಟ. ಹುಡುಗನ ಉಮ್ಮಾ ಒಂದು ಕಿವಿಗೆ ಶಾಲು ಒತ್ತಿ ಹಿಡಿದು ನನ್ನ ಡೊಂಕು ಕುರ್ಚಿಯಲ್ಲಿ ಕೂತಿದ್ದರು. ನನ್ನ ತೋಳು ಜಗ್ಗಿ ಹತ್ತಿರ ಎಳೆದು, ಕಿವಿಯಲ್ಲಿ ಕೂಗಿದರು:

"ಇದು ಇವ ಮನೆಯಲ್ಲಿ ಯಾವಾಗ್ಲೂ ಗುನುಗುವುದಲ್ವಾ! ಇಷ್ಟು ಚಂದದ್ದಕ್ಕೆ ಇಷ್ಟು ಗಲಾಟೆ ಯಾಕೆ ಹಾಕಿದ್ದು?"

"ಗಲಾಟೆ ತೆಗೆದ್ರೆ ನಾವಿಬ್ರೂ ಅಳ್ಬೇಕಾಗ್ತದೆ" ಎಂದು ನಾನೂ ಕೂಗಿದೆ.

ಅವರು ಶಾಲನ್ನು ಕಿವಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಹಾಡು ಮುಗಿಯಿತು. ಅಡಿಗೆಯವರು ಕತ್ತಿ ಬಗಲಿಗಿಟ್ಟು ಚಪ್ಪಾಳೆ ಹೊಡೆದರು. ಹುಡುಗ ಎದ್ದು ನಿಂತು ಜನರನ್ನು ನೋಡಿದ, ಅದೇ ಮೊದಲ ಸಲ. ಆಪರೇಟರ್ ಕಣ್ಣು ಬಿಟ್ಟು, ಮೈಕಿನಲ್ಲಿ ಗಂಭೀರವಾಗಿ, "ಹಲೋ, ಚೆಕ್" ಎಂದ. ಅದರೊಂದಿಗೆ ಟೆಸ್ಟಿಂಗ್ ಕಾನೂನುಬದ್ಧವಾಗಿ ಮುಕ್ತಾಯವಾಯಿತು. ಹೊರಗೆ ಮದುಮಗಳ ಕಡೆಯವರ ಮೊದಲ ಕಾರು ಬಂದು ನಿಂತಿತ್ತು.

ಹುಡುಗ ಹೋದ. ನಿಕಾಹ್‌ಗೆ ಕುರ್ಚಿಯ ಆರ್ಡರು ನಿಜವಾಗಿಯೂ ಬಂತು. ಉಮ್ಮಾ ಡೊಂಕು ಕಾಲಿನ ನೆಪ ಹಿಡಿದು ದರ ಇಳಿಸಿದರು. ಈಗ ನಮ್ಮ ಆಪರೇಟರ್ ಎಲ್ಲಿ ಸೌಂಡು ಕಟ್ಟಿದರೂ ಮೊದಲು ಹಾಕುವುದು ಸ್ವೀಡನ್ನಿನವರದ್ದನ್ನೇ. "ಇದನ್ನು ತಡ್ಕೊಂಡ ಸ್ಪೀಕರು ಯಾವ ಮದುವೆಯನ್ನೂ ತಡ್ಕೊಳ್ತದೆ" ಎನ್ನುತ್ತಾನೆ. ಕುಂಯ್ ಬಂದಾಗ ಮಾತ್ರ ಈಗಲೂ ಕೈ ಹಿಂದೆ ಕಟ್ಟುತ್ತಾನೆ.

ಫ್ಯಾನಿನ ಕತೆ ಹೀಗಾಯಿತು. ಕೆಲವು ದಿನ ಕಳೆದು ತೊಕ್ಕೊಟ್ಟಿನ ಮ್ಯಾನೇಜರು ಆಟೋದಲ್ಲಿ ಎರಡೂ ಫ್ಯಾನು ಹೇರಿಕೊಂಡು ನನ್ನ ಅಂಗಡಿಯೆದುರು ಇಳಿದ. ನಿದ್ದೆಗೆಟ್ಟವರ ಮುಖ. ಎಲೆಕ್ಟ್ರಿಷಿಯನ್ನಿಗೆ ತೋರಿಸಿದನಂತೆ, ಬಿಚ್ಚಿಸಿದನಂತೆ, ಎಂತದೂ ಸಿಗಲಿಲ್ಲವಂತೆ.

"ತಿರುಗ್ತದೆ" ಎಂದ. "ಚಂದವೇ ತಿರುಗ್ತದೆ. ಆದ್ರೆ ನೀವು ಅಷ್ಟು ಸುಲಭದಲ್ಲಿ ಕೊಟ್ರಿ ಅಂದ ಮೇಲೆ ಎಂತದೋ ಉಂಟು ಅಕ್ಕ. ಬೇಡ ನನಗೆ. ಬದಲು ನಾಲ್ಕು ಟೇಬಲ್‌ಕ್ಲಾತ್ ಕೊಡಿ."

"ಮೂರು" ಎಂದೆ.

ಅವನ ಮುಖಕ್ಕೆ ರಕ್ತ ವಾಪಸು ಬಂತು. ಕುರ್ಚಿ ಎಳೆದು ಕೂತ.